ಹೆಸರಿಗೆ ಕಾದ ಮಗು

ಜರ್ಮನಿಯ ಮಾರ್ಬುರ್ಗ್ ಪಟ್ಟಣದ ಪ್ರೊಫೆಸರ್ ವಾಕೆರೋ ಅವರ ಕಣ್ಣಿಗೆ ಮನುಷ್ಯರು ಬೀಳುವುದೇ ಇಲ್ಲ, ವಂಶವೃಕ್ಷಗಳು ಮಾತ್ರ ಬೀಳುತ್ತವೆ ಎನ್ನುತ್ತಾಳೆ ಹೆಂಡತಿ ಒಟ್ಟೀಲೀ. ಬ್ರೆಡ್ಡು ತರಲು ಹೋದವರು ಬೇಕರಿಯ ಕ್ನೋಪನ ಮುತ್ತಜ್ಜಿಯ ತವರನ್ನು ಪತ್ತೆಹಚ್ಚಿ, ಬ್ರೆಡ್ಡು ಮರೆತು ಬರುತ್ತಾರೆ. ಹಸ್ತಪ್ರತಿಗಳ ಬೆನ್ನುಹತ್ತಿ ಕೈರೋಗೆ ಹೋದಾಗಲೂ ಮನೆಗೆ ಬರೆದ ಕಾಗದಗಳಲ್ಲಿ ಪಿರಮಿಡ್ಡಿಗೆ ಒಂದು ಸಾಲು, ಹಡಗಿನಲ್ಲಿ ಸಿಕ್ಕ ದೂರದ ದಾಯಾದಿಗೆ ನಾಲ್ಕು ಪುಟ. ಎಲ್ಲದಕ್ಕೂ "ಅವಸರ ಬೇಡ, ಇನ್ನೊಂದ್ಸಲ ನೋಡ್ತೀನಿ" ಎನ್ನುವ ಈ ಮನುಷ್ಯ, ಓಣಿಯಲ್ಲಿ ಯಾರಿಗೆ ಮಗುವಾದರೂ ಟೋಪಿಯನ್ನೂ ಹಾಕಿಕೊಳ್ಳದೆ ಓಡುತ್ತಾರೆ. "ಹೆಸರಿಟ್ರಾ? ಇನ್ನೂ ಇಲ್ವಾ?" "ಅಜ್ಜನ ಹೆಸರೋ ಮಾವನ ಹೆಸರೋ ಅಂತ ಜಗಳ ನಡೀತಿದೆ ಪ್ರೊಫೆಸರ್ರೇ, ನಿಮ್ಮ ವಂಶಾವಳಿ ಪುಸ್ತಕ ನೋಡಿ ನೀವೇ ಹೇಳ್ಬಿಡಿ" ಎಂದು ಮೊನ್ನೆ ಗಂಡುಮಗುವಿನ ತಂದೆಯಾದ ಕ್ನೋಪ್ ನಕ್ಕ. "ಪುಸ್ತಕ ಹಾಳಾಗ್ಲಿ! ಯಾವ್ದೋ ಒಂದು ಇಡಯ್ಯಾ, ಇವತ್ತೇ ಇಡು!" ಎಂದು ಪ್ರೊಫೆಸರರು ಗದರಿದರು. ಓಣಿಯೆಲ್ಲ ನಕ್ಕಿತು, ಒಟ್ಟೀಲೀ ನಗಲಿಲ್ಲ. ಪ್ರೊಫೆಸರರು ಕೈರೋದಲ್ಲಿದ್ದಾಗಲೇ ಅವಳಿಗೆ ಗಂಡುಮಗುವಾಗಿತ್ತು. ಆ ಮನೆತನದಲ್ಲಿ ಹೆಸರಿಡುವವನು ತಂದೆ. ಹಾಗಾಗಿ ಕಾಗದ ಬರೆದು ಕಾದಳು. ಅವರು ತಲೆಮಾರುಗಳನ್ನೆಲ್ಲ ಜಾಲಾಡಿ, ತಕ್ಕ ಪೂರ್ವಜನನ್ನು ಆರಿಸಿ ಕಳಿಸಿದ 'ಆಲ್ಬ್ರೆಕ್ಟ್' ಎಂಬ ಹೆಸರು ಅಂಚೆಹಡಗಿನಲ್ಲಿ ಬಂದು ತಲುಪುವಷ್ಟರಲ್ಲಿ ಮಗುವನ್ನು ಮಣ್ಣುಮಾಡಿ ಆಗಿತ್ತು. ಗೋರಿಯ ಶಿಲುಬೆಯ ಮೇಲೆ 'ವಾಕೆರೋ ಅವರ ಮಗ' ಎಂದಷ್ಟೇ ಇದೆ. ಪ್ರತಿ ಭಾನುವಾರ ಪ್ರೊಫೆಸರರು ಅದರ ಮುಂದೆ ಮಂಡಿಯೂರಿ, ಮಲಗಿದವನನ್ನು ಎಬ್ಬಿಸುವಂತೆ ಮೆಲ್ಲಗೆ "ಆಲ್ಬ್ರೆಕ್ಟ್, ಆಲ್ಬ್ರೆಕ್ಟ್" ಎಂದು ಕರೆಯುತ್ತಾರೆ. ಕಾಯುತ್ತಿದ್ದ ಆ ವಾರಗಳಲ್ಲಿ ತಾನು ಮಗುವನ್ನು, ಯಾವ ವಂಶವೃಕ್ಷದಲ್ಲೂ ಇಲ್ಲದ 'ಟೋನೀ' ಎಂಬ ಹೆಸರಿನಿಂದ ಕರೆಯುತ್ತಿದ್ದುದನ್ನೂ, ಕರೆದಾಗಲೆಲ್ಲ ಅದು ನಗುತ್ತಿದ್ದುದನ್ನೂ ಹಿಂದೆ ನಿಂತ ಒಟ್ಟೀಲೀ ಇವತ್ತಿನವರೆಗೂ ಗಂಡನಿಗೆ ಹೇಳಿಲ್ಲ.