ತೊಳೆದಿಟ್ಟ ಮರಳು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ಉಜ್ಜುವ ವಾಸನೆ ಮೂಗಿಗೆ ಬಡಿದರೆ ಸಾಕು, ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾಗುತ್ತಾರೆ. ಎರಡು ಸಾವಿರದ ಇಸವಿ ದಾಟಿದ ಕಾಲ. ಕೆರೆ ಬತ್ತಿ, ಬೋರ್‌ವೆಲ್ ಪಾತಾಳಕ್ಕಿಳಿದು, ಬರುತ್ತಿದ್ದ ಆ ದರಿದ್ರ ನೀರಿನ ತುಂಬ ಫ್ಲೋರೈಡು. ನಮ್ಮ ಮಕ್ಕಳಿಗೆ ಹಲ್ಲು ಹಳದಿಯಾದರೆ, ಅಕ್ಕನ ಮಗಳಿಗೆ ಕಾಲೇ ಬಾಗತೊಡಗಿತ್ತು.

ಅಕ್ಕ ಕೋಲಾರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು. ಮಗಳ ಕಾಲಿಗೆಂದೇ ಹಟ ಹಿಡಿದು ಸಂಶೋಧನೆಗೆ ಕೂತವರು. ಕಬ್ಬಿಣದ, ಕಣ್ಣಿಗೇ ಕಾಣದಷ್ಟು ಸಣ್ಣ ಕಣಗಳನ್ನು ಮರಳಿಗೆ ಅಂಟಿಸಿದ್ದರು... ನ್ಯಾನೋ ಎನ್ನುತ್ತಿದ್ದರು. ಆ ಕೆಂಪು ಮರಳು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಅದನ್ನು ಮನೆಯ ಸ್ಟೀಲ್ ಡ್ರಮ್ಮಿಗೆ ತುಂಬಿ, ಕೆಲವು ತಿಂಗಳು ನೀರು ಪರೀಕ್ಷಿಸಿ, ಚೆನ್ನಾಗಿದೆ ಎಂದು ಖಾತ್ರಿಯಾದ ಮೇಲೆ ನಿಶ್ಚಿಂತರಾಗಿ ಪರೀಕ್ಷೆ ನಿಲ್ಲಿಸಿದರು. “ಊರಿಗೆಲ್ಲ ಮಾಡಿಕೊಡ್ತೀನಿ ಕಣೇ,” ಎಂದು ಕುಣಿದಾಡಿದ್ದರು.

ಆದರೂ ಮಗುವಿನ ಕಾಲು ಬಾಗುತ್ತಲೇ ಹೋಯಿತು. ಯಾಕೆಂದು ಅಕ್ಕನಿಗೂ ತಿಳಿಯಲಿಲ್ಲ.

ಗೌರಿಹಬ್ಬದ ಹಿಂದಿನ ದಿನ ಅವರ ಮನೆಗೆ ಹೂ ಕೊಡಲು ಹೋಗಿದ್ದೆ. ಅಕ್ಕನ ಅತ್ತೆ ಹಬ್ಬದ ಪಾತ್ರೆಗಳ ರಾಶಿಯ ನಡುವೆ ಡ್ರಮ್ಮನ್ನೂ ಬಿಚ್ಚಿಟ್ಟುಕೊಂಡು ಕೂತಿದ್ದರು.

“ಹೋದ್ವರ್ಷದ ಹಬ್ಬಕ್ಕೆ ಈ ಮರಳೆಲ್ಲ ಎಷ್ಟು ತುಕ್ಕಿಡಿದಿತ್ತಮ್ಮ! ಹುಣಸೆಹಣ್ಣಾಕಿ ಉಜ್ಜಿ ಉಜ್ಜಿ ತೆಗ್ದೆ. ಈಗ ನೋಡು, ಹೆಂಗೆ ಬೆಳ್ಳಗೈತೆ. ನನ್ ಬಂಗಾರಿ ಕುಡಿಯೋ ನೀರಲ್ವಾ?”

ಬಾಗಿಲಲ್ಲಿ ನಿಂತಿದ್ದ ಅಕ್ಕ ಓಡಿ ಬಂದು ಆ ಬಿಳಿ ಮರಳನ್ನು ಬೊಗಸೆಯಲ್ಲೆತ್ತಿ ನೋಡಿದರು. ಅತ್ತೆ ತುಕ್ಕೆಂದು ಉಜ್ಜಿ ತೆಗೆದದ್ದು ಆ ಕಬ್ಬಿಣದ ಕಣಗಳನ್ನೇ; ಒಂದಿಡೀ ವರ್ಷ ಮಗಳು ಕುಡಿದದ್ದು ಬರೀ ಬೋರ್‌ವೆಲ್ ನೀರು...

“ಯಾಕಮ್ಮ, ತೊಳೀಬಾರ್ದಿತ್ತಾ?” ಎಂದು ಅತ್ತೆ ಗಾಬರಿಯಾದರು.

“ಹಂಗೇನಿಲ್ಲ ಅತ್ತೆ. ಒಳ್ಳೇದಾಯ್ತು ಬಿಡಿ.”

ಆಮೇಲೆ ಹಿತ್ತಲಲ್ಲಿ ನನ್ನ ಕೈ ಹಿಡಿದು ಅತ್ತರು. “ಯಾರಿಗೂ ಹೇಳ್ಬೇಡ ಕಣೇ. ಅತ್ತೆಗೆ ಗೊತ್ತಾದ್ರೆ ಆ ಜೀವ ಉಳಿಯಲ್ಲ.” ನನಗೋ ಕೆಟ್ಟ ಸಿಟ್ಟು ಬಂದಿತ್ತು. ಯಾರ ಮೇಲೆ ತೀರಿಸಿಕೊಳ್ಳಲಿ?

ಅಕ್ಕ ಹೊಸ ಮರಳು ತಂದು ತುಂಬಿದರು, ಅತ್ತೆಯ ಕೈಗೆ ಸಿಗದಂತೆ ನೋಡಿಕೊಂಡರು. ಬಾಗಿದ ಮೂಳೆ ನೆಟ್ಟಗಾಗಲಿಲ್ಲ. ಸ್ವಂತ ಮಗಳಿಗೇ ಆಗದ್ದು ಊರಿಗೇನು ಮಾಡುತ್ತೆ ಎಂದು ಜನ ಆಡಿಕೊಂಡರು. ಆ ಫಿಲ್ಟರನ್ನು ಯಾರೂ ಮನೆಗೆ ಸೇರಿಸಲಿಲ್ಲ. ಅಕ್ಕ ಒಂದೇ ಒಂದು ಸಲವೂ ಬಾಯಿ ಬಿಡಲಿಲ್ಲ.

ಅತ್ತೆಯೂ ಇಲ್ಲ, ಅಕ್ಕನೂ ಇಲ್ಲ ಈಗ. ಮೊನ್ನೆ ಆ ಹುಡುಗಿ ಗೋಡೆ ಹಿಡಿದುಕೊಂಡೇ ನಮ್ಮ ಮೆಟ್ಟಿಲು ಹತ್ತಿ ಬಂದಿದ್ದಳು. ಕಾಫಿ ಕುಡಿಯುತ್ತ ಹಳೆಯ ಮಾತೆಲ್ಲ ಬಂತು.

“ಅಜ್ಜಿ ಪಾಪ, ನಂಗೋಸ್ಕರ ಎಷ್ಟು ಮಾಡಿದ್ರು. ಅಮ್ಮ ಅಷ್ಟೆಲ್ಲ ಓದಿದ್ರೂ ಅವಳ ಫಿಲ್ಟರ್ ಮಾತ್ರ ಕೆಲಸ ಮಾಡ್ಲೇ ಇಲ್ಲ ನೋಡಿ, ಆಂಟಿ.”

“ಮಾಡ್ತಿತ್ತು ಕಣೇ,” ಎಂದೆ. ಅಕ್ಕನ ಮಾತು ನೆನಪಾಗಿ, ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಅವಳು ತನ್ನ ಕಾಲನ್ನೊಮ್ಮೆ ನೋಡಿಕೊಂಡು ನಕ್ಕಳು.