ಸಾಹುಕಾರನ ಊಟಕ್ಕೆ ಬಂದ ನೆಂಟರು

ನಮ್ಮ ಮನೆಗೆ ಬರುವ ನೆಂಟರಲ್ಲಿ ಕೆಲವರನ್ನು ಒಂದೆರಡು ವಾರ ಚೆನ್ನಾಗಿ ಉಪಚರಿಸಿ, ಮೈಕೈ ತುಂಬಿಕೊಂಡ ಮೇಲೆ ಇನ್ನೊಬ್ಬನಿಗೆ ತಿನ್ನಲು ಕೊಡುತ್ತೇವೆ. ಗಾಬರಿಯಾಗಬೇಡಿ, ನೆಂಟರೆಂದರೆ ಗಪ್ಪಿ ಮೀನುಗಳು. ತಿನ್ನುವವನು ಸಾಹುಕಾರ, ನನ್ನ ಗಾಜಿನ ತೊಟ್ಟಿಯಲ್ಲಿ ಒಬ್ಬನೇ ಇರುವ ಆಸ್ಕರ್ ಮೀನು. ಅಂಗೈಯಗಲದ ಮೈ, ಸದಾ ಯಾರ ಮೇಲೋ ಸಿಟ್ಟಾದಂತಿರುವ ಮುಖ. ಫರಂಗಿಪೇಟೆಯ ಹೆದ್ದಾರಿ ಬದಿಯ ನಮ್ಮ ಪುಟ್ಟ ಬಾಡಿಗೆ ಮನೆಯಲ್ಲಿ ಆರಾಮವಾಗಿ ಓಡಾಡಲು ಜಾಗವಿರುವುದು ಅವನೊಬ್ಬನಿಗೇ.

ಮೊದಲೊಮ್ಮೆ ಮೂಡುಬಿದಿರೆಯ ಅಂಗಡಿಯಿಂದ ತಂದ ಗಪ್ಪಿಗಳನ್ನು ನೇರವಾಗಿ ಅವನ ತೊಟ್ಟಿಗೆ ಸುರಿದಿದ್ದೆ. ಅವುಗಳ ಜೊತೆ ಬಂದ ಬಿಳಿಚುಕ್ಕೆ ರೋಗ ಅವನಿಗೂ ಹತ್ತಿ, ಮೈಮೇಲೆ ಉಪ್ಪು ಉದುರಿಸಿದಂತೆ ಕಾಣತೊಡಗಿತು. ಮದ್ದು ಹಾಕಿ ಹೇಗೋ ಬದುಕಿಸಿದೆ. ಆದರೆ ಗುಣವಾದ ಮೇಲೆ ಸಾಹುಕಾರ ಮೀನಿಗೆ ಹಾಕುವ ಒಣ ಕಾಳನ್ನು ಮೂಸಿಯೂ ನೋಡಲಿಲ್ಲ. ಜೀವಂತ ಮೀನೇ ಬೇಕು. ಅದಕ್ಕೆ ಕ್ವಾರಂಟೈನ್ ಬೇಕು, ಕ್ವಾರಂಟೈನಿಗೆ ಜಾಗ ಬೇಕು. ಬಾಲ್ಕನಿಯಲ್ಲಿ ಸುಡುಬಿಸಿಲು. ಬಚ್ಚಲಿಗೆ ಹೆಂಡತಿ ಝೀನತ್‌ಳ ಅನುಮತಿಯಿಲ್ಲ. ನನ್ನ ಕನ್ನಡಕದ ಅಂಗಡಿಗೆ ಒಯ್ದರೆ ಗಿರಾಕಿಗಳು ಅಕ್ಷರ ಓದುವುದು ಬಿಟ್ಟು ಮೀನು ನೋಡುತ್ತಾರೆ. ಉಳಿದದ್ದು ಹಾಲ್‌ನಲ್ಲಿ ಉಮ್ಮನ ಮಂಚದ ಪಕ್ಕದ ಮೂಲೆ.

ಉಮ್ಮ, ಅಂದರೆ ನನ್ನ ತಾಯಿ, ಮಂಡಿನೋವಿನ ಚಿಕಿತ್ಸೆಗೆಂದು ಬಂದವರು. ಯಾವ ಮಕ್ಕಳ ಮನೆಯಲ್ಲೂ ಅವರು ಹೆಚ್ಚು ದಿನ ನಿಲ್ಲುವುದಿಲ್ಲ. ಮಾಡಲು ಕೆಲಸವಿಲ್ಲದೆ ಕೂತರೆ ತಾನು ಹೊರೆ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿದೆ. ನೋವು ತುಸು ಇಳಿದದ್ದೇ, "ವಿಟ್ಲಕ್ಕೆ ಹೋಗ್ತೇನೆ ಮೋನೆ, ಈ ಇಕ್ಕಟ್ಟಿನಲ್ಲಿ ನಾನೊಬ್ಬಳು ಯಾಕೆ ಅಡ್ಡ?" ಎಂದು ಶುರು ಮಾಡಿದರು. ಮೋನೆ ಎಂದರೆ ಮಗನೇ. ವಿಟ್ಲದಲ್ಲಿ ನನ್ನ ತಂಗಿಯ ಮನೆ. ಅಲ್ಲಿ ನಾಲ್ಕು ದಿನವಾದರೆ ಬೆಳ್ತಂಗಡಿಯ ಅಣ್ಣನ ಮನೆ. ನನಗೋ ಅವರು ಇಲ್ಲೇ ಇರಬೇಕೆಂಬ ಆಸೆ. ಉಮ್ಮ ಇದ್ದರೆ ಮನೆಗೆ ಕಳೆ, ಹೋದರೆ ಬಿಕೋ ಎನ್ನುತ್ತದೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಪ್ರೀತಿ ಉಕ್ಕಿದಾಗ ಹೆಚ್ಚೆಂದರೆ "ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತೇನೆ.

ನೀಲಿ ಟಬ್ಬು, ಗಾಳಿಯ ಪಂಪು, ಬೇರೆಯೇ ಬಲೆ, ಚೂರು ಉಪ್ಪು ಎಲ್ಲ ಮೂಲೆಯಲ್ಲಿ ಹೊಂದಿಸುವಾಗ ಉಮ್ಮ ಮಂಚದಿಂದಲೇ ವಿಚಾರಣೆಗೆ ತೊಡಗಿದರು. ಕ್ವಾರಂಟೈನ್ ಎಂದರೇನೆಂದು ಕೊರೋನಾ ಕಲಿಸಿದ್ದರೂ ನಾನು ಪಾಂಡಿತ್ಯ ಬಿಡುತ್ತೇನೆಯೇ? ಹಿಂದೆ ವೆನಿಸ್ ಬಂದರಿಗೆ ಬಂದ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದರು, ಆ ನಲವತ್ತರಿಂದಲೇ ಈ ಪದ ಹುಟ್ಟಿತು ಎಂದೆಲ್ಲ ವಿವರಿಸಿದೆ.

"ನಲವತ್ತು ನಮ್ಮಲ್ಲಿಯೂ ಉಂಟಲ್ಲ, ಬಾಣಂತಿಗೆ," ಎಂದರು ಉಮ್ಮ. "ಆದ್ರೆ ನಾವು ನಲವತ್ತು ಕಳೆದ ಮೇಲೆ ಅವಳನ್ನು ತಿನ್ನುವುದಿಲ್ಲ ಮಾರಾಯ!"

ಮರುದಿನದಿಂದ ಟಬ್ಬಿನ ಆಡಳಿತ ಅವರ ಕೈಗೆ ಹೋಯಿತು. ಮೊದಲ ಆಕ್ಷೇಪ ಟಬ್ಬಿನ ಎದುರಿಗೇ ಸಾಹುಕಾರನ ತೊಟ್ಟಿ ಇರುವುದರ ಬಗ್ಗೆ. ಆಡು ಕೊಯ್ಯುವ ಮೊದಲು ಅದಕ್ಕೆ ನೀರು ಕುಡಿಸಬೇಕು, ಕತ್ತಿ ತೋರಿಸಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಇದು ನಮ್ಮಲ್ಲಿ ಎಲ್ಲರಿಗೂ ತಿಳಿದ ಕ್ರಮ. ಮೀನಿಗೆ ಆ ನಿಯಮವೇ ಇಲ್ಲವಲ್ಲ ಎಂದು ನಾನು ವಾದಿಸಿದೆ.

"ನಿಯಮ ಇಲ್ಲ ಅಂತ ಮರ್ಯಾದೆಯೂ ಇಲ್ವಾ?" ಎಂದು ಉಮ್ಮ ತಮ್ಮ ಹಳೆಯ ವೇಲನ್ನು ನಡುವೆ ಪರದೆಯಾಗಿ ಕಟ್ಟಿಸಿದರು. ಗಪ್ಪಿಗಳನ್ನು ಮುಚ್ಚಳದ ಡಬ್ಬಿಯಲ್ಲಿ, ಉಳಿದವಕ್ಕೆ ತಿಳಿಯದಂತೆ ಒಯ್ಯಬೇಕೆಂದು ಅಪ್ಪಣೆಯಾಯಿತು. ಮದುಮಗಳನ್ನು ಕೂಡ ಯಾರೂ ಅಷ್ಟು ಜಾಗ್ರತೆಯಿಂದ ಕಳಿಸಿಕೊಟ್ಟಿರಲಾರರು. ನನ್ನ ಅಂಗಡಿಯ ಭೂತಗನ್ನಡಿ ಹಿಡಿದು ಉಮ್ಮ ದಿನಾ ಮೀನುಗಳ ಮೈ ಪರೀಕ್ಷಿಸುತ್ತಿದ್ದರು. "ಈ ಕೆಂಪು ಬಾಲದ್ದು ಸರಿಯಾಗಿ ತಿನ್ತಾ ಇಲ್ಲ, ಇನ್ನೊಂದು ವಾರ ಇರಲಿ," ಎಂದು ಕೆಲವಕ್ಕೆ ಅವಧಿ ವಿಸ್ತರಣೆಯೂ ಸಿಗುತ್ತಿತ್ತು. ವಿಟ್ಲದ ಸುದ್ದಿಯೇ ಇಲ್ಲ. ಟಬ್ಬು ಇರುವ ತನಕ ಉಮ್ಮ ಹೋಗುವುದಿಲ್ಲವೆಂದು ನಾನು ಒಳಗೊಳಗೇ ಹಿಗ್ಗಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ತಮಾಷೆಗೆಂದು ಹಾಕಿದ ಕಾಳನ್ನು ಸಾಹುಕಾರ ಗಬಕ್ಕನೆ ನುಂಗಿಬಿಟ್ಟ! ನಾನು ಕುಣಿಯಬೇಕಿತ್ತು, ಬದಲಿಗೆ ಗಡಿಬಿಡಿಯಲ್ಲಿ ಕಾಳಿನ ಡಬ್ಬಿ ಬಚ್ಚಿಟ್ಟೆ. ಅವನು ಕಾಳು ತಿಂದರೆ ಗಪ್ಪಿ ಬೇಡ, ಗಪ್ಪಿ ಬೇಡವಾದರೆ ಟಬ್ಬು ಬೇಡ, ಟಬ್ಬು ಹೋದರೆ ಉಮ್ಮ ಬಸ್ಸು ಹತ್ತಿದಂತೆಯೇ. ಅಂದಿನಿಂದ ನಾನು ಮನೆಯಲ್ಲೇ ಕಳ್ಳನಾದೆ. ಉಮ್ಮ ನಮಾಜಿಗೆ ಒಳಕೋಣೆಗೆ ಹೋದಾಗ ಅವನಿಗೆ ಕಾಳು ಹಾಕುವುದು, ಅನುಮಾನ ಬಾರದಿರಲೆಂದು ಆಗಾಗ ಗಪ್ಪಿಯನ್ನೂ ಕೊಡುವುದು, ಮತ್ತೆ ಮೂಡುಬಿದಿರೆಗೆ ಹೋಗಿ ಹೊಸ ನೆಂಟರನ್ನು ತರುವುದು.

ಕಳೆದ ಭಾನುವಾರ ಹಾಗೆ ತಂದ ಪ್ಲಾಸ್ಟಿಕ್ ಚೀಲವನ್ನು ಉಮ್ಮ ಟಬ್ಬಿನ ನೀರಿನಲ್ಲಿ ತೇಲಿಬಿಟ್ಟು, ಮಂಚದ ಮೇಲೆ ಕೂತು, ನನ್ನ ಮುಖ ನೋಡಿದರು.

"ನಿನ್ನ ಸಾಹುಕಾರ ಕಾಳು ತಿನ್ತಾನೆ."

"ಯಾವಾಗ ಗೊತ್ತಾಯ್ತು ಉಮ್ಮ?"

"ನೀನು ಕದ್ದು ಹಾಕಿದ ಮೊದಲ ದಿನವೇ. ಕಳ್ಳಕೆಲಸ ಮಾಡುವಾಗ ಕೆಮ್ಮುವ ಅಭ್ಯಾಸ ನಿನಗೆ ಸಣ್ಣದಿಂದ್ಲೂ ಉಂಟು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀನು ಎಂತಾದ್ರೂ ಹೇಳ್ತೀಯಾ ಅಂತ ಕಾದೆ."

ಮಾತ್ರೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಇಲ್ಲೇ ಇರಿ ಉಮ್ಮ. ಕೆಲಸ ಇಲ್ಲದಿದ್ರೂ ಇರಿ. ನೀವು ಹೋದ್ರೆ ನನಗೆ ಬೇಸರ ಆಗ್ತದೆ."

ಉಮ್ಮ ನನ್ನ ತಲೆ ನೇವರಿಸಿದರು. "ಇರ್ತೇನೆ," ಎಂದರು. ಆಮೇಲೆ ಟಬ್ಬಿನತ್ತ ನೋಡಿ ನಿಟ್ಟುಸಿರು ಬಿಟ್ಟರು: "ಇಷ್ಟು ಹೇಳ್ಲಿಕ್ಕೆ ನಿನಗೆ ಎಷ್ಟು ಮೀನು ಬೇಕಾಯ್ತು ಮೋನೆ!"