ಪಟ್ಟಿಯಲ್ಲಿ ಬಿಟ್ಟುಹೋದ ನಲವತ್ಮೂರು

ಒಂದು ಹಳೆಯ ಗೇರ್‌ಬಾಕ್ಸಿನ ಬೆಲೆ ಏನು? ನನ್ನನ್ನು ಕೇಳಿದರೆ, ಒಬ್ಬ ಮನುಷ್ಯನ ಹೆಸರು. ಗೇರ್‌ಬಾಕ್ಸ್ ತಂದವನು ನಾನು, ಬೆಲೆ ತೆತ್ತವನು ಯಲ್ಲಪ್ಪ. ಅವತ್ತು ನಾನೊಂದು ಸುಳ್ಳು ಹೇಳಿದೆ. ಅದನ್ನು ಅವನು ಮೂವತ್ತೈದು ವರ್ಷ ಹೊತ್ತ. ಇಳಿಸುವ ಅವಕಾಶ ಬಂದಾಗ ನಾನು ಅಲ್ಲಿಯೂ ಚೌಕಾಸಿ ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಗಿರಾಕಿಯನ್ನು ಸತಾಯಿಸಿ ಕೊನೆಗೆ ಬೆಲೆ ಹೇಳುವವನನ್ನು ನಾನೇ ನಂಬುವುದಿಲ್ಲ.

ಬೆಳಗಾವಿಯ ಆಟೋ ನಗರದಲ್ಲಿ ನನ್ನ ಅಂಗಡಿ. ಹಳೆಯ ಲಾರಿ ಕೊಂಡು, ಬಿಚ್ಚಿ, ಬಿಡಿಭಾಗ ಮಾರುತ್ತೇನೆ. ಯಾರ ಹಂಗೂ ಇಲ್ಲದೆ ಮೇಲೆ ಬಂದವನು ಎಂದು ಜನ ಹೇಳುತ್ತಿದ್ದರು, ನಾನೂ ಹೇಳಿಕೊಳ್ಳುತ್ತಿದ್ದೆ. ಅಂಗಡಿಯ ಗೋಡೆಯ ಮೇಲೆ, ಬಸವಣ್ಣನವರ ಫೋಟೋದ ಕೆಳಗೆ, ಗಾಜು ಹಾಕಿಸಿದ ಒಂದು ಚೀಟಿ ಇತ್ತು. ಹರಾಜಿನಲ್ಲಿ ನಾನು ಕೊಂಡ ಮೊಟ್ಟಮೊದಲ ಸಾಮಾನಿನ ಚೀಟಿ — ಮೇಲೆ ತಾರೀಖು, ಕೆಳಗೆ ನನ್ನ ಸಹಿ. ದೀಪಾವಳಿಗೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದೆವು.

ಆ ತಾರೀಖಿನಂದು ನಾನು ಬೆಳಗಾವಿಯ ಆ ಹರಾಜಿನಲ್ಲಿ ಇರಬಾರದಿತ್ತು. ಖಾನಾಪುರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಹೆಗಲಿಗೆ ಬಂದೂಕು ಏರಿಸಿ ಪಹರೆ ನಿಂತಿರಬೇಕಿತ್ತು.

ಚೀನಾ ಯುದ್ಧದ ನಂತರ ನಮ್ಮ ಕಡೆ ಸ್ವಯಂಸೇವಕರ ಒಂದು ಪಲ್ಟನ್ ಕಟ್ಟಿದರು. ಮೀಸಲು ಕಾಲಾಳುಗಳು ನಾವು. ವರ್ಷವೆಲ್ಲ ನಮ್ಮ ನಮ್ಮ ಕೆಲಸ, ವರ್ಷಕ್ಕೊಂದು ತಿಂಗಳು ಸಮವಸ್ತ್ರ ತೊಟ್ಟು ಖಾನಾಪುರದ ಕಾಡಂಚಿನಲ್ಲಿ ಶಿಬಿರ. ಐದಾರು ವರ್ಷ ಬಾಳಿ, ಒಂದು ಯುದ್ಧವನ್ನೂ ಕಾಣದೆ ಆ ಪಲ್ಟನ್ ಮುಚ್ಚಿಹೋಯಿತು.

ಖಾಯಂ ಸೈನಿಕರು ಕತ್ತಲಲ್ಲೂ ಒಬ್ಬರನ್ನೊಬ್ಬರು ಕೆಮ್ಮಿನಿಂದ ಗುರುತಿಸುತ್ತಾರಂತೆ. ನಮ್ಮ ಹವಾಲ್ದಾರನಿಗೆ ಹಗಲಲ್ಲೂ ನಮ್ಮ ಮುಖ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಂಬರು ಮಾತ್ರ. ಕೂಗಿದ ನಂಬರಿಗೆ ‘ಹಾಜರ್’ ಎಂದವನೇ ಆ ನಂಬರಿನವನು. ಒಬ್ಬನ ಹೊಲದಲ್ಲಿ ಬಿತ್ತನೆ, ಇನ್ನೊಬ್ಬನ ಹೆಂಡತಿಗೆ ಹೆರಿಗೆ — ಪಕ್ಕದಲ್ಲಿ ನಿಂತವನು ಅವನ ನಂಬರು ಹೇಳಿಬಿಡುತ್ತಿದ್ದ. ತಪ್ಪು ಎಂದು ಯಾರಿಗೂ ಅನಿಸಿರಲಿಲ್ಲ. ‘ಅಂವ ನನ್ನ ನಂಬರ ಹೇಳ್ತಾನ’ ಅಂದರೆ ಅಂಥ ಗೆಳೆಯ ಅಂತ ಅರ್ಥ. ನನ್ನದು ನಲವತ್ತೆರಡು. ಪಕ್ಕದ ಯಲ್ಲಪ್ಪನದು ನಲವತ್ಮೂರು.

ಖಾನಾಪುರದ ಹತ್ತಿರದ ಹಳ್ಳಿಯವನು ಅವನು, ಕುರಿ ಕಾಯುವ ಮನೆತನ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಬೇಕೆಂಬ ಆಸೆ. ಪಲ್ಟನ್ನಿನಿಂದ ಒಳ್ಳೆಯ ನಡತೆಯ ಕಾಗದ ಸಿಕ್ಕರೆ ಅನುಕೂಲವಾದೀತು ಎಂದು ಬಂದಿದ್ದ.

ಹರಾಜಿನ ದಿನ ಬೆಳಿಗ್ಗೆ ನಾನು ಶಿಬಿರದಿಂದ ಜಾರಿಕೊಳ್ಳುವಾಗ ಅವನು ಹೇಳಿದ್ದು: “ಬಸ್ಯಾ, ಮಧ್ಯಾಹ್ನ ಹೊಳಿ ಮ್ಯಾಲ ನಿಂದ ಪಾಳಿ ಐತಿ. ಹೊತ್ತಿಗೆ ಸರಿಯಾಗಿ ಬಾ ಮತ್ತ. ನಾ ಬಂದೂಕಿನ ಡೇರೆ ಕಾಯಬೇಕು. ಎರಡೂ ಕಡೆ ನಿಂದ್ರಾಕ ನಾನೇನ ದೆವ್ವ ಅದೀನೇನ?”

“ಬರ್ತೀನೋ ಮಾರಾಯಾ. ನಿನಗ ತಿನ್ನಾಕ ಕುಂದಾ ತರ್ತೀನಿ, ಸುಮ್ಮನಿರು.”

ಹರಾಜು ಬೇಗನೇ ಮುಗಿಯಿತು. ಹೊರಟಿದ್ದರೆ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ. ಆದರೆ ಹರಾಜಿನ ಅಂಗಳದ ಮೂಲೆಯಲ್ಲಿ ಒಂದು ಗೇರ್‌ಬಾಕ್ಸ್ ಕಂಡಿತು. ಎಣ್ಣೆಯಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿದೆ — ಲೋಹದ ಪುಡಿ ಮಿನುಗಲಿಲ್ಲ. ಒಳಗೆ ಹಲ್ಲು ಸವೆದಿಲ್ಲ ಎಂದು ಅರ್ಥ. ಹಳೆಯದು ಕೊಳ್ಳುವವರು ಇದನ್ನು ನೆನಪಿಡಿ. ಅದರ ಯಜಮಾನ ಬೆಲೆ ಇಳಿಸಲೊಲ್ಲ, ನಾನು ಬಿಡಲೊಲ್ಲೆ. ಹೊತ್ತು ಹೋಗುತ್ತಿರುವುದು ಗೊತ್ತಿತ್ತು. ಯಲ್ಲಪ್ಪ ಇದ್ದಾನಲ್ಲ, ನಂಬರು ಹೇಳುತ್ತಾನೆ ಅಂದುಕೊಂಡೆ.

ಹೇಳಿದ. ಹವಾಲ್ದಾರ ಹೊಳೆಯ ದಂಡೆಯಲ್ಲಿ ನಿಂತು ನಲವತ್ತೆರಡು ಎಂದು ಕೂಗಿದಾಗ, ಬಂದೂಕಿನ ಡೇರೆ ಬಿಟ್ಟು ಓಡಿಹೋಗಿ ‘ಹಾಜರ್’ ಎಂದ. ಈಗ ಬಂದಾನು, ಈಗ ಬಂದಾನು ಎಂದು ನನ್ನ ದಾರಿ ನೋಡುತ್ತ ಅಲ್ಲೇ ನಿಂತ. ಅಷ್ಟರಲ್ಲಿ ಅತ್ತ ಡೇರೆಯಲ್ಲಿ ಲೆಕ್ಕ ಹಾಕಿದರೆ ಒಂದು ಬಂದೂಕು ಕಡಿಮೆ, ಕಾವಲಿನವನೂ ಇಲ್ಲ.

ನಾನು ಬರುವ ಹೊತ್ತಿಗೆ ಅವನ ಸೊಂಟದ ಪಟ್ಟಿ ಬಿಚ್ಚಿಸಿದ್ದರು. ಎಲ್ಲಿ ಹೋಗಿದ್ದೆ ಎಂದರೆ, “ನೀರ ಕುಡ್ಯಾಕ ಹೋಗಿದ್ದೆರಿ” ಎಂದಷ್ಟೇ ಹೇಳುತ್ತಿದ್ದ. ಹವಾಲ್ದಾರನಿಗೆ ಏನೋ ಸಂಶಯ. ಸಾಹೇಬರ ಮುಂದೆ ನನ್ನನ್ನು ನಿಲ್ಲಿಸಿ ಕೇಳಿದ: “ನಲವತ್ತೆರಡು, ಹೊಳಿ ಮ್ಯಾಲ ಪಹರೆ ಇದ್ದಾಂವ ನೀನ ಹೌದಲ್ಲೋ?”

ಯಲ್ಲಪ್ಪ ನನ್ನ ಮುಖ ನೋಡಿದ. ನನಗೆ ಲಾರಿಯಲ್ಲಿ ಬರುತ್ತಿದ್ದ ಗೇರ್‌ಬಾಕ್ಸ್ ಕಣ್ಣ ಮುಂದೆ ಬಂತು; ಸಿಕ್ಕಿಬಿದ್ದರೆ ಅದೂ ಕೈಬಿಟ್ಟು ಹೋಗುತ್ತಿತ್ತು.

“ಹೌದ್ರಿ. ನಾನ ಇದ್ದೆ.”

ಇಷ್ಟೇ. ಮೂರು ಮಾತು.

ಬಂದೂಕು ಎರಡು ದಿನದ ಮೇಲೆ ಹೊಳೆಯ ಉಸುಕಿನಲ್ಲಿ ಸಿಕ್ಕಿತು. ಕವಾಯತು ಮುಗಿಸಿದ ಇನ್ನೊಂದು ತುಕಡಿಯವರು ಮರೆತು ಬಿಟ್ಟಿದ್ದರು. ಆದರೆ ಕಾವಲು ಬಿಟ್ಟುಹೋದವನು ಬಿಟ್ಟುಹೋದವನೇ. ಯಲ್ಲಪ್ಪನ ಹೆಸರು ಹೊಡೆದುಹಾಕಿ ಮನೆಗೆ ಕಳಿಸಿದರು. ಗಾರ್ಡಿನ ಆಸೆ ಅಲ್ಲಿಗೆ ಮುಗಿಯಿತು, ಮತ್ತೆ ಕುರಿಯ ಹಿಂದೆ ಹೋದ. ಕೊಡದೆ ಉಳಿದ ಕುಂದಾ ನನ್ನ ಚೀಲದಲ್ಲೇ ಇತ್ತು — ಅದನ್ನು ತರಲು ಮಾತ್ರ ನಾನು ಮರೆತಿರಲಿಲ್ಲ.

ಎರಡು ಸಾವಿರದ ಸುಮಾರಿಗೆ ಪೀರನವಾಡಿಯ ಕುಲಕರ್ಣಿ ಮಾಸ್ತರು ಅಂಗಡಿಗೆ ಬಂದರು. ಪಲ್ಟನ್ನಿನಲ್ಲಿ ಗುಮಾಸ್ತರಾಗಿದ್ದವರು, ಆಮೇಲೆ ಸಾಲಿ ಮಾಸ್ತರರಾಗಿ ನಿವೃತ್ತರಾದವರು. ನಮ್ಮ ಪಲ್ಟನ್ನಿನ ಚರಿತ್ರೆ ಬರೆದಿದ್ದರು. ಅಚ್ಚಿನ ಜವಾಬ್ದಾರಿ ನನ್ನದು ಎಂದೆ. ಖುಷಿಯಿಂದ ಕೈಬರಹ ಓದಿ ಹೇಳಿದರು — ಕಾವಲು ಬಿಟ್ಟ ಯಲ್ಲಪ್ಪನ ಸಂಗತಿಯನ್ನೂ, ಅದರ ತಾರೀಖನ್ನೂ. ಅದೇ ತಾರೀಖಿನ ಚೀಟಿ ಅವರ ತಲೆಯ ಮೇಲೆಯೇ ಇತ್ತು. ಅವರು ತಲೆ ಎತ್ತಲಿಲ್ಲ.

ವಾರದೊಳಗೆ ಯಲ್ಲಪ್ಪನೇ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಬಾಗಿಲಲ್ಲೇ ನಿಂತು, “ಸಾವ್ಕಾರ್ರ” ಎಂದ. ಬಸ್ಯಾ ಎನ್ನಲಿಲ್ಲ.

“ಪಲ್ಟನ್ನಿನ ಬುಕ್ಕ ಮಾಡಾಕತ್ತೀರಂತಲ್ರಿ. ಊರಾಗ ನನಗ ಬಂದೂಕ ಕಳದ ಯಲ್ಲ್ಯಾ ಅಂತಾರ್ರಿ, ಮೊನ್ನೆ ಬಂದ ಸೊಸಿಗೂ ಹಂಗ ಗುರ್ತ ಹೇಳ್ತಾರ. ಬುಕ್ಕಿನಾಗೂ ಅದ ಬಂದ್ರ... ಖರೇ ಏನೈತಿ ಅದನ್ನ ಬರಸ್ರಿ. ಅಷ್ಟ.”

“ನಾ ನೋಡ್ಕೋತೀನಿ ಬಿಡೋ” ಎಂದೆ. ಚಹಾ ತರಿಸಿದೆ.

ನೋಡಿಕೊಂಡ ರೀತಿ ಕೇಳಿ. ಮಾಸ್ತರರ ಹತ್ತಿರ ಹೋಗಿ, “ಆ ಸಂಗತಿ ತಗದ ಬಿಡ್ರಿ ಮಾಸ್ತರ, ಪಾಪ ಬಡವ. ಪಟ್ಟಿಯೊಳಗ ಅವನ ಹೆಸರೂ ಬ್ಯಾಡ” ಎಂದೆ.

“ಬಸಲಿಂಗಪ್ಪನವರ, ಇದು ಇತಿಹಾಸ ಅದ. ನಿಮ್ಮ ಲಾರಿ ಅಲ್ಲ, ಬೇಕಾದಷ್ಟು ಬಿಚ್ಚಿ ಇಟ್ಕೊಳ್ಳಿಕ್ಕೆ” ಎಂದರು. ಆದರೆ ಅಚ್ಚು ಹಾಕಿಸುವವನು ನಾನು. ಒಪ್ಪಿದರು. ಅವನಿಗೂ ಕೆಟ್ಟ ಹೆಸರಿಲ್ಲ, ನನಗೂ ತೊಂದರೆಯಿಲ್ಲ — ಒಳ್ಳೆಯ ವ್ಯವಹಾರ ಕುದುರಿಸಿದೆ ಎಂದೇ ನಂಬಿ ಮನೆಗೆ ಬಂದೆ. ಖರೇ ಹೇಳುತ್ತೇನೆ, ಅವತ್ತು ನಿದ್ದೆ ಚೆನ್ನಾಗಿ ಬಂತು.

ಪುಸ್ತಕದ ಬಿಡುಗಡೆ ಖಾನಾಪುರದಲ್ಲಿ. ಮುದುಕರೆಲ್ಲ ಸೇರಿದ್ದೆವು. ಮಾಸ್ತರು ಪಟ್ಟಿ ಹಿಡಿದು, ಹಿಂದಿನಂತೆಯೇ ನಂಬರು ಕೂಗತೊಡಗಿದರು. ಇದ್ದವರು ಹಾಜರ್ ಎಂದರು. ತೀರಿಕೊಂಡವರ ನಂಬರು ಬಂದಾಗ — ಯಾರೂ ಹೇಳಿಕೊಟ್ಟಿರಲಿಲ್ಲ — ಪಕ್ಕದ ನಂಬರಿನವನು ಎದ್ದು ಅವನ ಪರವಾಗಿ ಹಾಜರ್ ಎಂದ. ಹಲವರು ಕಣ್ಣೊರೆಸಿಕೊಂಡರು. ನಲವತ್ತೆರಡಕ್ಕೆ ನಾನು ಹಾಜರ್ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತ ಸಪ್ಪಳ.

“ನಲವತ್ನಾಕು” ಎಂದರು ಮಾಸ್ತರು.

ತಿರುಗಿ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ ಯಲ್ಲಪ್ಪ, ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡು ಮೆಲ್ಲಗೆ ಕುಳಿತ.

ಹೊರಗೆ ಚಪ್ಪಲಿ ಮೆಟ್ಟುವಾಗ ಸಿಕ್ಕ. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. “ಸತ್ತವರ ನಂಬರ ಹೇಳಿದ್ರಿ. ನಾ ಜೀವಂತ ಅದೀನಿ. ನನ್ನ ನಂಬರ ಹೇಳಾಕ ನಿನಗ ಬಾಯಿ ಬರಲಿಲ್ಲೇನೋ, ಬಸ್ಯಾ?”

ಹೋಗಿ ಕ್ಷಮೆ ಕೇಳಬೇಕು ಎಂದುಕೊಂಡೆ. ದೀಪಾವಳಿ ಮುಗಿಯಲಿ, ಮಳೆಗಾಲ ಕಳೆಯಲಿ — ಸರಕು ಅಗ್ಗವಾಗುವುದನ್ನು ಕಾದಂತೆ ಕಾದೆ. ಮುಂದಿನ ವರ್ಷ ಅವನು ತೀರಿಕೊಂಡ ಸುದ್ದಿಯೇ ಬಂತು.

ಗೋಡೆಯ ಮೇಲಿನ ಚೀಟಿ ಇಳಿಸಿಕೊಂಡು ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತವರೆಲ್ಲರ ಎದುರಿಗೆ ಎಲ್ಲ ಹೇಳಿದೆ. ಅವನ ಹೆಂಡತಿ ನಾಗವ್ವ ಪೂರ್ತಿ ಕೇಳಿ, “ಇದನ್ನ ಅವರಿಗೆ ಹೇಳಬೇಕಿತ್ರಿ ಯಪ್ಪಾ. ನನಗ್ಯಾಕ ಹೇಳ್ತೀರಿ?” ಎಂದು ಒಳಗೆ ಹೋದಳು.

ಆ ಚೀಟಿ ಈಗ ಮಾಸ್ತರರ ಕಾಗದಗಳ ಜೊತೆ ಇದೆ. ಉಳಿದಿರುವ ಪ್ರತಿಗಳಿಗೆ, ಇದನ್ನೆಲ್ಲ ಬರೆದು ಅಚ್ಚು ಹಾಕಿಸಿದ ಈ ಹಾಳೆಯನ್ನು ನಾನೇ ಕುಳಿತು ಅಂಟಿಸುತ್ತಿದ್ದೇನೆ. ಮೊದಲೇ ಪುಸ್ತಕ ಒಯ್ದವರ ಮನೆಗಳಿಗೂ ಒಂದೊಂದು ಹಾಳೆ ಹಿಡಿದು ಹೋಗುತ್ತಿದ್ದೇನೆ.

ನಿಮ್ಮ ಕೈಯಲ್ಲಿ ಆ ಪುಸ್ತಕ ಇದ್ದರೆ ಒಂದು ಕೆಲಸ ಮಾಡಿ. ಕೊನೆಯ ಪಟ್ಟಿ ತೆಗೆಯಿರಿ. ನಲವತ್ತೆರಡರ ಕೆಳಗೆ ಜಾಗ ಕಡಿಮೆ, ಸಣ್ಣ ಅಕ್ಷರದಲ್ಲಿ ಬರೆಯಿರಿ. ಶಾಯಿ ಪೆನ್ನು ಬೇಡ. ಕಾಗದ ನಾನೇ ಚೌಕಾಸಿ ಮಾಡಿ ತಂದ ಅಗ್ಗದ್ದು, ಹೀರಿಕೊಂಡು ಹರಡುತ್ತದೆ. ಪೆನ್ಸಿಲ್ಲೂ ಬೇಡ, ಅಳಿಸಿಹೋಗುತ್ತದೆ. ಬಾಲ್‌ಪೆನ್ನಿನಲ್ಲಿ, ಸ್ವಲ್ಪ ಒತ್ತಿ ಬರೆಯಿರಿ: ನಲವತ್ಮೂರು, ಯಲ್ಲಪ್ಪ, ಹಾಜರ್.